ಥಿಂಪುವಿನ ತೆಳುಗಾಳಿ

ಹಿರಿಯೂರಿನ ವೇದಾವತಿಯ ದಡದಿಂದ ಹೊರಟು, ಮಾರಿಕಣಿವೆಯನ್ನು ದಾಟಿ, ನದಿಯ ಮೂಲವನ್ನರಸುತ್ತ ಬಾಬಾಬುಡನ್‌ಗಿರಿಯನ್ನೇರಿ, ಅಷ್ಟಕ್ಕೂ ತೃಪ್ತನಾಗದೆ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ನಿಂತವನು ಕೂಡ ಸಮುದ್ರಮಟ್ಟದಿಂದ 2,000 ಮೀಟರನ್ನು ಮುಟ್ಟಿರುವುದಿಲ್ಲ. ಕನ್ನಡನಾಡಿನ ಈ ಅತ್ಯುನ್ನತ ಶಿಖರಕ್ಕಿಂತ ಎತ್ತರದಲ್ಲಿದೆ, ಭೂತಾನದ ಥಿಂಪುವಿನ ಚಾಂಗ್ಲಿಮಿಥಾಂಗ್ ಕ್ರೀಡಾಂಗಣ. ಸುಮಾರು 2,300 ಮೀಟರ್.

ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡವು ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ಪಿಗಾಗಿ 2018ರ ಜನವರಿಯಲ್ಲಿ ಅಲ್ಲಿಗೆ ಹೋಗಿ ಟ್ರಾನ್ಸ್‌ಪೋರ್ಟ್ ಯುನೈಟೆಡ್ ಎದುರು ಒಂದು ಗೋಲನ್ನೂ ಹೊಡೆಯಲಾರದೆ ಮರಳಿತು. ಬೆಂಗಳೂರಿನಲ್ಲಿ ಅದೇ ಎದುರಾಳಿಯನ್ನು 3–0ರಿಂದ ಸೋಲಿಸಿತು. 2020ರ ಫೆಬ್ರವರಿಯಲ್ಲಿ ಪಾರೋ ಎಫ್‌ಸಿಯ ಮೇಲೆ ಥಿಂಪುವಿನಲ್ಲಿ ದೊರೆತ ಜಯ 1–0. ವಾರ ಕಳೆದು ಬೆಂಗಳೂರಿನಲ್ಲಿ 9–1! ಸ್ವಂತ ಮೈದಾನದ ಬಲ, ಚಳಿ ಇವೆಲ್ಲವೂ ಈ ಅಂತರದಲ್ಲಿ ಸೇರಿರುವುದು ನಿಜವಾದರೂ, ಗಾಳಿಯ ಪಾಲನ್ನು ಅಲ್ಲಗಳೆಯುವಂತಿಲ್ಲ.

ಎತ್ತರದ ಗಾಳಿಯಲ್ಲಿಯೂ ಆಮ್ಲಜನಕದ ಅಂಶ ನೂರಕ್ಕೆ ಇಪ್ಪತ್ತೊಂದೇ; ಕುಂದುವುದು ಒತ್ತಡ. ಥಿಂಪುವಿನಲ್ಲಿ ಅದು ಕರಾವಳಿಯ ಒತ್ತಡದ ಮುಕ್ಕಾಲು ಪಾಲು ಮಾತ್ರ; ಪ್ರತಿ ಉಸಿರಿನಲ್ಲಿ ದೊರೆಯುವ ಆಮ್ಲಜನಕವೂ ಅದಕ್ಕೆ ತಕ್ಕಂತೆ ಕಡಮೆ. ಮೊದಲನೆಯ ಓಟದಲ್ಲಿ ಆಟಗಾರನಿಗೆ ಇದು ತಿಳಿಯುವುದೇ ಇಲ್ಲ, ಏಕೆಂದರೆ ಅದಕ್ಕೆ ಬೇಕಾದ ಶಕ್ತಿ ಸ್ನಾಯುಗಳಲ್ಲಿಯೇ ಸಂಚಿತವಾಗಿರುತ್ತದೆ. ಆಮ್ಲಜನಕದ ನೆರವಿನಿಂದ ಆ ಸಂಚಯ ಮತ್ತೆ ತುಂಬಿಕೊಳ್ಳುವ ಮುನ್ನವೇ ಚೆಂಡು ಮರಳಿ ಬಂದಾಗ, ಮೊಣಕಾಲಿನ ಮೇಲೆ ಕೈಯೂರಿ ಏದುಸಿರು ಬಿಡುತ್ತಿರುವವನಿಗೆ ದಮ್ಮು ಸಾಲುವುದಿಲ್ಲ. ಅಷ್ಟೇ ಅಲ್ಲ, ವಿರಳವಾದ ಗಾಳಿಯಲ್ಲಿ ಚೆಂಡು ಹೆಚ್ಚು ದೂರ ಹಾರುವುದು, ಕಡಮೆ ಬಾಗುವುದು; ಕಾಲಿನ ಅಭ್ಯಾಸವೇ ಸುಳ್ಳಾಗುವುದು.

ಆದರೆ ದೇಹ ಇಂತಹ ಗಾಳಿಗೆ ಮೆಲ್ಲನೆ ಒಗ್ಗಿಕೊಳ್ಳುತ್ತದೆ. ಫ್ರೆಂಚ್ ವಿಜ್ಞಾನಿ ವಿಯೋ ಪೆರುವಿನ ಮೊರೊಕೋಚಾ ಎಂಬ ಎತ್ತರದ ಗಣಿಯೂರಿನಲ್ಲಿ ಮೂರು ವಾರಗಳೊಳಗೆ ತನ್ನ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಕೆಂಪುಕಣಗಳು ಹೆಚ್ಚಿದುದನ್ನು ಎಣಿಸಿ, 1890ರಲ್ಲಿ ಪ್ರಕಟಿಸಿದನು. ಆ ಕಣಗಳ ಮಹತ್ವವು ಕ್ರೀಡಾಲೋಕಕ್ಕೆ ಚೆನ್ನಾಗಿ ಮನದಟ್ಟಾದುದು ಎತ್ತರದ ನಗರದಲ್ಲಿ ನಡೆದ 1968ರ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ. ಬೊಲಿವಿಯಾದ ಲಾ ಪಾಸ್ ನಗರವಂತೂ 3,600 ಮೀಟರಿನ ಮೇಲಿದೆ. ಅಲ್ಲಿ 1993ರಲ್ಲಿ ಬ್ರೆಜಿಲ್ 2–0ರಿಂದಲೂ, 2009ರಲ್ಲಿ ಮರಡೋನಾ ತರಬೇತಿಯ ಅರ್ಜೆಂಟೀನಾ 6–1ರಿಂದಲೂ ಸೋತವು. 2007ರಲ್ಲಿ ಫಿಫಾ 2,500 ಮೀಟರಿಗೂ ಎತ್ತರದಲ್ಲಿ ಅಂತರರಾಷ್ಟ್ರೀಯ ಪಂದ್ಯಗಳನ್ನು ನಿಷೇಧಿಸಿದಾಗ, ಬೊಲಿವಿಯಾದ ಅಧ್ಯಕ್ಷ ಇವೊ ಮೊರಾಲೆಸ್ ಸಜಾಮಾ ಪರ್ವತದ ಮೇಲೆ ತಾವೇ ಚೆಂಡಾಡಿ ಪ್ರತಿಭಟಿಸಿದರು. ಮರುವರ್ಷ ಆ ನಿಷೇಧವನ್ನು ತಡೆಹಿಡಿಯಲಾಯಿತು.

ಅದು ಯುಕ್ತವೇ ಆಯಿತೆಂದು ನನ್ನ ಭಾವನೆ. ಏಪ್ರಿಲಿನ ಮಧ್ಯಾಹ್ನ ಹಿರಿಯೂರಿಗೆ ಆಡಬಂದ ಮಲೆನಾಡಿನ ಹುಡುಗರು ನಮ್ಮ ಬಿಸಿಲಿಗೆ ಬಸವಳಿಯುತ್ತಾರೆಂದು ಇಲ್ಲಿನ ಮೈದಾನಕ್ಕೆ ಯಾರೂ ಬೀಗ ಹಾಕರಷ್ಟೆ. ಪ್ರವಾಸಿ ತಂಡಕ್ಕೆ ಬೇಕಾದುದು ಕಾಲಾವಕಾಶ. ಕೆಂಪುಕಣಗಳು ಬಲಿಯಲು ವಾರಗಳೇ ಬೇಕು; ಆದರೆ ಪಂದ್ಯಗಳ ವೇಳಾಪಟ್ಟಿಯಲ್ಲಿ ಬೆಂಗಳೂರಿನವರಿಗೆ ಎರಡು ಪಂದ್ಯಗಳ ನಡುವೆ ದೊರೆತದ್ದು ಏಳು ದಿನ.