ಜಕ್ಕಲಿಯ ಎರೆ ಮತ್ತು ಲಾವಾದ ಅಂಚು

ಬೇಸಿಗೆ ಬಂತೆಂದರೆ ಗದಗ ಜಿಲ್ಲೆಯ ರೋಣ ಸೀಮೆಯ ಜಕ್ಕಲಿಯಲ್ಲಿ ಕಪ್ಪುಮಣ್ಣಿನ ಎರೆಹೊಲ ಬಾಯಿ ಬಿಡುತ್ತದೆ. ಕೆಲವು ಬಿರುಕುಗಳಲ್ಲಿ ಮೊಳಕೈವರೆಗೆ ಕೈ ಇಳಿಯುತ್ತದೆ. ಮೇಲಿನ ಪುಡಿಮಣ್ಣು ಅದರೊಳಗೆ ಉದುರುತ್ತದೆ. ಮಳೆ ಬಿದ್ದು ಮಣ್ಣು ಉಬ್ಬಿದಾಗ ಬಿರುಕು ಮುಚ್ಚಿ, ಮೇಲಿನದು ತಳದಲ್ಲಿ ಉಳಿಯುತ್ತದೆ. ಒಕ್ಕಲಿಗ ರಂಟೆ ಹೂಡುವ ಮೊದಲೇ ನೆಲ ತನ್ನನ್ನು ತಾನು ಮಗುಚಿಕೊಂಡಿರುತ್ತದೆ.

ಕಪ್ಪುಮಣ್ಣೆಲ್ಲ ಜ್ವಾಲಾಮುಖಿಯಿಂದಲೇ ಬಂದದ್ದು ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ವಿಜಯಪುರದ ಮಟ್ಟಿಗೆ ಅದು ಬಹುಪಾಲು ಸರಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಲಾವಾ ಉಕ್ಕಿದ್ದು ಶಿಖರವಿರುವ ಬೆಟ್ಟದಿಂದಲ್ಲ, ನೆಲದ ಉದ್ದುದ್ದ ಸೀಳುಗಳಿಂದ. ಒಂದು ಹರಿವು ಆರಿದ ಮೇಲೆ ಇನ್ನೊಂದು. ನಡುವೆ ಬಿಡುವು ಸಿಕ್ಕಲ್ಲಿ ಕಲ್ಲಿನ ಮೇಲ್ಮೈ ಶಿಥಿಲವಾಗಿ ಕೆಂಪು ಪದರ ಕಟ್ಟಿತು. ಈಗಲೂ ಸುಮಾರು 5 ಲಕ್ಷ ಚದರ ಕಿಲೋಮೀಟರಿನಷ್ಟು ನೆಲ ಆ ಕಲ್ಲಿನ ಹೊದಿಕೆಯಲ್ಲಿದೆ. ಗೋಳಗುಮ್ಮಟ ಕಟ್ಟಿದ್ದು ಅದೇ ಕಪ್ಪು ಬಸಾಲ್ಟಿನಿಂದ.

ಆದರೆ ದಖ್ಖನ್ ಲಾವಾದ ದಕ್ಷಿಣದ ಅಂಚು ಬೆಳಗಾವಿ, ಬಾಗಲಕೋಟೆ ಸೀಮೆಯಲ್ಲೇ ಮುಗಿಯುತ್ತದೆ. ರೋಣದ ಎರೆಯ ಕೆಳಗೆ ಹೆಚ್ಚಾಗಿ ಇರುವುದು ಅದಕ್ಕಿಂತ ಎಷ್ಟೋ ಹಳೆಯ ನೈಸ್ ಶಿಲೆ. ಹಾಗಾದರೆ ಮಣ್ಣು ಕಪ್ಪಾದದ್ದು ಹೇಗೆ? ಇದಕ್ಕೆ ಲಾವಾವೇ ಬೇಕೆಂದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಟ್ಟುಕೊಡುವ ಕಲ್ಲು, ನೀರು ಬೇಗ ಹರಿದುಹೋಗದ ಮಟ್ಟಸ ನೆಲ, ಸ್ವಲ್ಪ ಮಳೆಯ ಬೆನ್ನಿಗೆ ದೀರ್ಘ ಒಣಗಾಲ – ಇಷ್ಟು ಕೂಡಿಬಂದರೆ ಸ್ಮೆಕ್ಟೈಟ್ ಎಂಬ ಜೇಡಿ ಹುಟ್ಟುತ್ತದೆ. ಅದರ ಹಾಳೆಯಂಥ ಪದರಗಳ ನಡುವೆ ನೀರು ಸೇರಿದರೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಬಣ್ಣಕ್ಕೆ ಮುಖ್ಯ ಕಾರಣ ಆ ಜೇಡಿಗೆ ಬಿಗಿಯಾಗಿ ಅಂಟಿಕೊಂಡ ಅತ್ಯಲ್ಪ ಜೈವಿಕಾಂಶ. ಹೆಂಟೆಯೊಂದನ್ನು ಒಡೆದರೆ ಬಿಳಿಯ ಸುಣ್ಣದ ಹರಳುಗಳೂ ಸಿಗುತ್ತವೆ. ಮಳೆ ಕಡಿಮೆಯಾದ್ದರಿಂದ ತೊಳೆದುಹೋಗದೆ ಉಳಿದ ಕ್ಯಾಲ್ಸಿಯಂ ಅದು. ಹಿಂಗಾರಿಯ ಬಿಳಿಜೋಳ, ಕಡಲೆ ಮಳೆಯಿಲ್ಲದೆಯೂ ಕಾಳು ಕಟ್ಟುವುದು ಈ ಜೇಡಿ ಹಿಡಿದಿಟ್ಟ ಹಸಿಯ ಬಲದಿಂದಲೇ.

ಗದಗ ಜಿಲ್ಲೆಗೂ ತನ್ನದೇ ಲಾವಾ ಇದೆ, ದಖ್ಖನ್ನಿನದಕ್ಕಿಂತ ಬಹಳ ಪುರಾತನವಾದದ್ದು. ಕಪ್ಪತಗುಡ್ಡದ ಸೀಮೆಯ ಶಿಲೆಗಳಲ್ಲಿ 250 ಕೋಟಿ ವರ್ಷಕ್ಕೂ ಹಿಂದಿನ ಲಾವಾ ಹರಿವುಗಳಿವೆ. ಅಂಥದ್ದೇ ಪುರಾತನ ಲಾವಾ ನೀರಿನಡಿ ಉಕ್ಕಿ, ದಿಂಬು ಪೇರಿಸಿದಂತೆ ಹೆಪ್ಪುಗಟ್ಟಿರುವುದನ್ನು ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಕಣ್ಣಾರೆ ನೋಡಬಹುದು. ಅದೀಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.