ಒಂದು ಎಂಜಿನ್, ಹಲವು ವೇದಿಕೆಗಳು: ಮುಕ್ತ ತಂತ್ರಾಂಶದ ಲಾಭ–ವೆಚ್ಚ

ಗಣಕಯಂತ್ರದ ಆಟಗಳೆಂದರೆ ಮಕ್ಕಳ ಕಾಲಕ್ಷೇಪವೆಂಬ ಭಾವನೆ ವರ್ತಕ ಸಮುದಾಯದಲ್ಲಿ ಸಾಮಾನ್ಯವಾಗಿದೆ. ಆದರೆ ಈ ಆಟಗಳ ತಯಾರಿಕೆಯೂ ಒಂದು ಉದ್ಯಮವೇ. ಅದಕ್ಕೂ ಉಪಕರಣಗಳಿವೆ, ಬಿಡಿಭಾಗ ಪೂರೈಸುವವರಿದ್ದಾರೆ, ಕರಾರುಗಳಿವೆ. ಬೇರೊಬ್ಬರ ಉಪಕರಣವನ್ನು ನೆಚ್ಚಿ ಸರಕು ತಯಾರಿಸುವವರಿಗೆ ಎದುರಾಗುವ ಅಪಾಯವೇನು, ಮುಕ್ತವಾಗಿ ದೊರೆಯುವ ಉಪಕರಣವನ್ನು ಬಳಸಿದರೆ ತಗಲುವ ವೆಚ್ಚವೇನು ಎಂಬುದನ್ನು ಈ ಉದ್ಯಮದ ಅನುಭವ ಸ್ಪಷ್ಟವಾಗಿ ತೋರಿಸಿಕೊಡುತ್ತದೆ. ಲೆಕ್ಕಪತ್ರಕ್ಕೆ, ಬಿಲ್ಲಿಂಗ್‌ಗೆ, ದಾಸ್ತಾನು ನಿರ್ವಹಣೆಗೆ ತಂತ್ರಾಂಶವನ್ನು ಅವಲಂಬಿಸಿರುವ ಸದಸ್ಯರೆಲ್ಲರಿಗೂ ಈ ಅನುಭವ ಪ್ರಯೋಜನಕಾರಿ.

ಎಂಜಿನ್ ಎಂದರೇನು?

ಆಟದ ಕಥೆ, ಚಿತ್ರ, ಸಂಗೀತಗಳು ಮಾರಾಟದ ಸರಕು. ಆ ಚಿತ್ರವನ್ನು ಪರದೆಯ ಮೇಲೆ ಮೂಡಿಸುವ, ಧ್ವನಿ ಹೊರಡಿಸುವ, ಕೀಲಿಮಣೆಯ ಆಜ್ಞೆಯನ್ನು ಗ್ರಹಿಸುವ, ವಸ್ತುಗಳ ಚಲನೆಯನ್ನು ಲೆಕ್ಕ ಹಾಕುವ ತಂತ್ರಾಂಶವೇ ಎಂಜಿನ್. ಕಾರ್ಖಾನೆಯಲ್ಲಿ ಒಂದೇ ಲೇತ್ ಯಂತ್ರದಿಂದ ಹಲವು ಬಗೆಯ ಬಿಡಿಭಾಗಗಳನ್ನು ತಯಾರಿಸುವಂತೆ, ಒಂದೇ ಎಂಜಿನ್ನಿನಿಂದ ಹಲವು ಆಟಗಳನ್ನು ತಯಾರಿಸಬಹುದು.

ಅಮೆರಿಕದ ಟೆಕ್ಸಾಸ್ ರಾಜ್ಯದ ಇಡ್ ಸಾಫ್ಟ್‌ವೇರ್ ಸಂಸ್ಥೆಯು 1993ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ ‘ಡೂಮ್’ ಆಟದ ಮೂಲ ಸಂಕೇತವನ್ನು 1997ರ ಡಿಸೆಂಬರ್‌ನಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟಿತು. ಆಟವು ಜನಪ್ರಿಯವಾದದ್ದು ಡಾಸ್ ವ್ಯವಸ್ಥೆಯಲ್ಲಿ. ಆದರೆ ಹೊರಬಂದದ್ದು ಲಿನಕ್ಸ್ ಆವೃತ್ತಿಯ ಸಂಕೇತ. ಡಾಸ್ ಆವೃತ್ತಿಯ ಧ್ವನಿ ವಿಭಾಗವನ್ನು ಹೊರಗಿನವರಿಂದ ಪರವಾನಗಿಯ ಮೇಲೆ ಪಡೆಯಲಾಗಿದ್ದರಿಂದ ಅದನ್ನು ಹಂಚುವ ಹಕ್ಕು ಸಂಸ್ಥೆಗೆ ಇರಲಿಲ್ಲ. ಒಂದು ಬಿಡಿಭಾಗದ ಕರಾರು ಇಡೀ ಉತ್ಪನ್ನದ ಕೈಕಟ್ಟಬಲ್ಲದು ಎಂಬುದಕ್ಕೆ ಇದು ಉತ್ತಮ ನಿದರ್ಶನ. ಮತ್ತೊಂದು ಅಂಶವೂ ಗಮನಾರ್ಹ. ಎಂಜಿನ್ ಮುಕ್ತವಾದರೂ ಆಟದ ಚಿತ್ರ, ಧ್ವನಿ, ಹಂತಗಳ ಹಕ್ಕನ್ನು ಸಂಸ್ಥೆಯು ತನ್ನಲ್ಲೇ ಉಳಿಸಿಕೊಂಡಿತು. ಉಪಕರಣವನ್ನು ಬಿಟ್ಟುಕೊಟ್ಟಿತು, ಸರಕನ್ನು ಬಿಟ್ಟುಕೊಡಲಿಲ್ಲ.

ಪೂರೈಕೆದಾರನ ಮರ್ಜಿ

ಮೂಲ ಸಂಕೇತ ಬೇರೊಬ್ಬರ ಒಡೆತನದಲ್ಲಿದ್ದರೆ ಏನಾದೀತು ಎಂಬುದನ್ನು 2023ರಲ್ಲಿ ಜಗತ್ತಿನ ಆಟ ತಯಾರಕರು ಕಂಡರು. ಬಹುಜನ ಬಳಕೆಯ ಯೂನಿಟಿ ಎಂಜಿನ್ನಿನ ಸಂಸ್ಥೆಯು ಆ ವರ್ಷದ ಸೆಪ್ಟೆಂಬರ್ 12ರಂದು ಹೊಸ ಶುಲ್ಕವೊಂದನ್ನು ಘೋಷಿಸಿತು. ಆದಾಯ ಮತ್ತು ಬಳಕೆಯ ನಿಗದಿತ ಮಿತಿ ದಾಟಿದ ಆಟಗಳನ್ನು ಗ್ರಾಹಕರು ಪ್ರತಿ ಸಲ ಹೊಸದಾಗಿ ಸ್ಥಾಪಿಸಿಕೊಂಡಾಗಲೂ ತಯಾರಕರು ಗರಿಷ್ಠ 20 ಸೆಂಟ್‌ವರೆಗೆ ತೆರಬೇಕೆಂಬುದು ಅದರ ಸಾರಾಂಶ. ಈಗಾಗಲೇ ಮಾರುಕಟ್ಟೆಗೆ ಬಂದಿದ್ದ ಆಟಗಳಿಗೂ ಇದು ಅನ್ವಯವಾಗುವುದಿತ್ತು. ಬೆಲೆ ನಿಗದಿ ಮಾಡಿ ಮಾರಿದ ಸರಕಿನ ಮೇಲೆ ತರುವಾಯ ವೆಚ್ಚ ಹೇರಿದರೆ ಯಾವ ಉದ್ಯಮಿ ತಾಳಿಯಾನು? ತೀವ್ರ ವಿರೋಧದಿಂದಾಗಿ ಸಂಸ್ಥೆಯು ಮೊದಲು ನಿಯಮಗಳನ್ನು ಸಡಿಲಿಸಿ, 2024ರ ಸೆಪ್ಟೆಂಬರ್‌ನಲ್ಲಿ ಶುಲ್ಕವನ್ನೇ ರದ್ದುಪಡಿಸಿತು. ಆದರೆ ಅಷ್ಟರಲ್ಲಿ ಹಲವು ತಯಾರಕರು ಮುಕ್ತ ಎಂಜಿನ್‌ಗಳತ್ತ ಮುಖ ಮಾಡಿದ್ದರು.

ಗೋಡೋ: ತಿರುಳು ಒಂದೇ, ಹೊರಕವಚ ಹಲವು

ಹೀಗೆ ಗಮನ ಸೆಳೆದವುಗಳಲ್ಲಿ ಗೋಡೋ ಎಂಜಿನ್ ಪ್ರಮುಖವಾದುದು. ಅರ್ಜೆಂಟೀನಾದ ಹುವಾನ್ ಲಿನಿಯೆಟ್ಸ್ಕಿ ಮತ್ತು ಏರಿಯಲ್ ಮಾಂಜೂರ್ ತಮ್ಮ ಕೆಲಸಕ್ಕೆಂದು ರೂಪಿಸಿಕೊಂಡಿದ್ದ ಈ ಎಂಜಿನ್ 2014ರಲ್ಲಿ ಎಂಐಟಿ ಪರವಾನಗಿಯಡಿ ಮುಕ್ತವಾಯಿತು. ಹಕ್ಕುಸ್ವಾಮ್ಯದ ಸೂಚನೆಯನ್ನು ಉಳಿಸಿಕೊಂಡರೆ ಸಾಕು; ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರಬಹುದು. ಗೌರವಧನ ನೀಡಬೇಕಿಲ್ಲ.

ಇದರ ಮುಖ್ಯ ಭಾಗ ಸಿ++ ಭಾಷೆಯಲ್ಲಿದೆ. ಆ ಭಾಗವು ವಿಂಡೋಸ್ ಅಥವಾ ಆಂಡ್ರಾಯ್ಡ್‌ನೊಡನೆ ನೇರವಾಗಿ ವ್ಯವಹರಿಸದಂತೆ ವಿನ್ಯಾಸಗೊಳಿಸಲಾಗಿದೆ. ಪರದೆ ತೆರೆಯುವುದು, ಸ್ಪರ್ಶವನ್ನು ಗುರುತಿಸುವುದು, ಕಡತ ಉಳಿಸುವುದು ಮೊದಲಾದ ಸ್ಥಳೀಯ ಕೆಲಸಗಳನ್ನು ಪ್ರತಿ ವೇದಿಕೆಗೂ ಮೀಸಲಾದ ಪ್ರತ್ಯೇಕ ವಿಭಾಗ ನೋಡಿಕೊಳ್ಳುತ್ತದೆ. ಪಂಪಿನ ಒಡಲನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದು, ಗ್ರಾಹಕರ ಪೈಪಿನ ಅಳತೆಗೆ ತಕ್ಕಂತೆ ಫ್ಲಾಂಜ್ ಮಾತ್ರ ಬದಲಿಸುವ ಪದ್ಧತಿಗೆ ಇದನ್ನು ಹೋಲಿಸಬಹುದು. ಹೊಸ ವೇದಿಕೆ ಬಂದಾಗ ಒಡಲನ್ನು ಮುರಿಯಬೇಕಿಲ್ಲ.

ಆದರೂ ಕೆಲಸ ಸುಲಭವೆಂದು ಭಾವಿಸಲಾಗದು. ಮೂಲ ಸಂಕೇತವನ್ನು ಪ್ರತಿ ವೇದಿಕೆಯ ಯಂತ್ರಭಾಷೆಗೆ ಬೇರೆ ಬೇರೆಯಾಗಿ ಪರಿವರ್ತಿಸಬೇಕು. ವಿಂಡೋಸ್ ಆವೃತ್ತಿಯನ್ನು ಲಿನಕ್ಸ್ ಗಣಕದಲ್ಲಿಯೇ ಸಿದ್ಧಪಡಿಸಬಹುದು. ಆಂಡ್ರಾಯ್ಡ್‌ಗೆ ಗೂಗಲ್ ಒದಗಿಸುವ ಸಾಧನಗಳು ಬೇಕು. ಐಫೋನ್‌ಗಾದರೆ ಆಪಲ್‌ನ ಮ್ಯಾಕ್ ಗಣಕ ಹಾಗೂ ಅದರದೇ ಸಾಧನಗಳು ಅನಿವಾರ್ಯ, ಜೊತೆಗೆ ಮಳಿಗೆಯಲ್ಲಿ ಮಾರಲು 99 ಡಾಲರ್ ವಾರ್ಷಿಕ ಸದಸ್ಯತ್ವವೂ ಬೇಕು. ಚಿತ್ರ ಮೂಡಿಸುವ ವಿಧಾನವೂ ಎಲ್ಲೆಡೆ ಒಂದೇ ಅಲ್ಲ. 2023ರ ಮಾರ್ಚ್‌ನಲ್ಲಿ ಬಂದ 4.0 ಆವೃತ್ತಿಯು ವಲ್ಕನ್ ಎಂಬ ಹೊಸ ವಿಧಾನವನ್ನು ಅಳವಡಿಸಿಕೊಂಡಿತು. ಹಳೆಯ ಫೋನುಗಳಿಗೂ ಬ್ರೌಸರುಗಳಿಗೂ ಅದು ಒಗ್ಗದ ಕಾರಣ ಓಪನ್‌ಜಿಎಲ್ ವಿಧಾನದ ಇನ್ನೊಂದು ಮಾರ್ಗವನ್ನೂ ಪೋಷಿಸಬೇಕಾಯಿತು. ಬ್ರೌಸರಿನಲ್ಲಿ ಆಡುವ ಆಟಗಳಿಗೆ ಅಂತರಜಾಲದ ಸರ್ವರಿನಲ್ಲಿ ವಿಶೇಷ ಏರ್ಪಾಡು ಬೇಕಾಗುತ್ತಿದ್ದ ತೊಡಕು ನಿವಾರಣೆಯಾದದ್ದು 2024ರ ಆಗಸ್ಟ್‌ನ 4.3 ಆವೃತ್ತಿಯಲ್ಲಿ. ಒಮ್ಮೆ ಒಗ್ಗಿಸಿದರೆ ಮುಗಿಯಿತೆಂಬುದಿಲ್ಲ. ವೇದಿಕೆ ಬದಲಾದಂತೆಲ್ಲ ನಿರ್ವಹಣೆಯ ವೆಚ್ಚ ಬೆನ್ನಿಗಿರುತ್ತದೆ.

ಮುಚ್ಚಿದ ಬಾಗಿಲು, ಹೊಸ ವ್ಯಾಪಾರ

ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಮೊದಲಾದ ಆಟದ ಯಂತ್ರಗಳ ತಾಂತ್ರಿಕ ವಿವರಗಳು ಗೋಪ್ಯತಾ ಕರಾರಿಗೆ ಒಳಪಟ್ಟಿವೆ. ಅವುಗಳಿಗೆ ಬರೆದ ಸಂಕೇತವನ್ನು ಸಾರ್ವಜನಿಕವಾಗಿ ಹಂಚುವಂತಿಲ್ಲ. ಹೀಗಾಗಿ ಮುಕ್ತ ಎಂಜಿನ್ ತನ್ನಷ್ಟಕ್ಕೆ ತಾನೇ ಈ ಬಾಗಿಲನ್ನು ದಾಟಲಾರದು. ಈ ಕೊರತೆಯಲ್ಲಿಯೇ ವ್ಯಾಪಾರದ ಅವಕಾಶವೂ ಹುಟ್ಟಿತು. ಲಿನಿಯೆಟ್ಸ್ಕಿ ಮತ್ತು ಸಂಗಡಿಗರು 2022ರಲ್ಲಿ ಸ್ಥಾಪಿಸಿದ ಡಬ್ಲ್ಯು4 ಗೇಮ್ಸ್ ಸಂಸ್ಥೆಯೂ ಇನ್ನಿತರ ಕೆಲವು ಸಂಸ್ಥೆಗಳೂ ಯಂತ್ರ ತಯಾರಕರ ಅನುಮತಿ ಪಡೆದು ಈ ಕೆಲಸವನ್ನು ಹಣ ಪಡೆದು ಒದಗಿಸುತ್ತವೆ. ಎಂಜಿನ್ನಿಗೆ ಬೆಲೆಯಿಲ್ಲ, ಪರಿಶ್ರಮಕ್ಕೆ ಬೆಲೆಯಿದೆ.

ನಮ್ಮ ಸದಸ್ಯರಿಗೆ ಪಾಠ

ಮುಕ್ತ ತಂತ್ರಾಂಶದಿಂದ ವೆಚ್ಚ ಇಲ್ಲವಾಗುವುದಿಲ್ಲ. ಅದು ಪರವಾನಗಿ ಶುಲ್ಕದಿಂದ ಪರಿಶ್ರಮದ ಕೂಲಿಗೆ ವರ್ಗವಾಗುತ್ತದೆ. ಆದರೆ ಪೂರೈಕೆದಾರರನ್ನು ಬದಲಿಸುವ ಸ್ವಾತಂತ್ರ್ಯ ನಮ್ಮ ಕೈಯಲ್ಲಿ ಉಳಿಯುತ್ತದೆ. ಆದ್ದರಿಂದ ಯಾವುದೇ ತಂತ್ರಾಂಶವನ್ನು ಕೊಳ್ಳುವ ಅಥವಾ ಬರೆಯಿಸುವ ಮುನ್ನ ನಾಲ್ಕು ಅಂಶಗಳನ್ನು ಲಿಖಿತವಾಗಿ ಪಡೆಯುವುದು ಒಳಿತು.

1. ಮೂಲ ಸಂಕೇತದ ಮೇಲೆ ನಮಗಿರುವ ಹಕ್ಕು ಏನು?

2. ಅದರೊಳಗೆ ಅನ್ಯರ ಬಿಡಿಭಾಗಗಳಿವೆಯೇ, ಇದ್ದರೆ ಅವುಗಳ ಷರತ್ತುಗಳೇನು?

3. ಶುಲ್ಕದ ನಿಯಮವನ್ನು ಮಧ್ಯದಲ್ಲಿ ಬದಲಿಸಲು ಪೂರೈಕೆದಾರರಿಗೆ ಅಧಿಕಾರವಿದೆಯೇ?

4. ಬೇರೆ ವೇದಿಕೆಗೆ ಒಗ್ಗಿಸುವ ಹಾಗೂ ಮುಂದಿನ ನಿರ್ವಹಣೆಯ ಹೊಣೆ ಯಾರದು, ದರವೆಷ್ಟು?

ಯಂತ್ರವನ್ನು ಕೊಳ್ಳುವಾಗ ಬಿಡಿಭಾಗದ ಲಭ್ಯತೆ, ದುರಸ್ತಿಯ ಏರ್ಪಾಡುಗಳನ್ನು ವಿಚಾರಿಸದೆ ಮುಂಗಡ ಕೊಡುವ ಉದ್ಯಮಿ ನಮ್ಮಲ್ಲಿಲ್ಲ. ತಂತ್ರಾಂಶದ ವಿಷಯದಲ್ಲಿಯೂ ಅದೇ ಎಚ್ಚರಿಕೆ ರೂಢಿಗೆ ಬರಬೇಕು.