ವಿದ್ಯುತ್ತಿನಿಂದ ಬೆಳಗುವ ರೋಗಸೂಚಕ: ತಂತ್ರವೂ ವ್ಯಾಪಾರವೂ

ಥೈರಾಯಿಡ್ ಪರೀಕ್ಷೆ ಮಾಡಿಸಿಕೊಂಡ ನಮ್ಮ ಸದಸ್ಯರು ವರದಿಯಲ್ಲಿ ಟಿಎಸ್‌ಎಚ್ ಅಂಕಿಯ ಬಳಿ ‘ಇಸಿಎಲ್‌ಐಎ’ ಎಂಬ ಸಣ್ಣಕ್ಷರಗಳನ್ನು ಕಂಡಿರಬಹುದು. ಬಹುತೇಕರು ಅಂಕಿಯನ್ನಷ್ಟೇ ನೋಡಿ ವರದಿಯನ್ನು ಮಡಚಿಡುತ್ತಾರೆ. ಆದರೆ ವೈದ್ಯಕೀಯ ಉಪಕರಣಗಳ ಮಾರಾಟಕ್ಕೋ ಅವುಗಳ ಬಿಡಿಭಾಗಗಳ ತಯಾರಿಕೆಗೋ ಕೈಹಾಕಬಯಸುವವರು ಈ ಅಕ್ಷರಗಳ ಹಿಂದಿರುವ ವಿದ್ಯುದ್ರಾಸಾಯನಿಕ ದೀಪ್ತಿಯ ತಂತ್ರವನ್ನು ಅರಿತಿರುವುದು ಲೇಸು. ಏಕೆಂದರೆ ಈ ಉದ್ಯಮದಲ್ಲಿ ಹಣವಿರುವುದು ಯಂತ್ರದಲ್ಲಲ್ಲ.

ಹೃದಯಸ್ನಾಯುವಿಗೆ ಹಾನಿಯಾದಾಗ ಟ್ರೊಪೋನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೇರುತ್ತದೆ. ರೋಗವನ್ನು ಸೂಚಿಸುವ ಇಂತಹ ವಸ್ತುಗಳಿಗೆ ಬಯೋಮಾರ್ಕರ್ ಎಂದು ಹೆಸರು. ಇವುಗಳ ಪ್ರಮಾಣ ಅತ್ಯಲ್ಪ. ಟ್ರೊಪೋನಿನ್ನನ್ನು ಲೀಟರಿಗೆ ಇಷ್ಟು ನ್ಯಾನೊಗ್ರಾಂ ಎಂದು ಅಳೆಯಲಾಗುತ್ತದೆ. ಒಂದು ನ್ಯಾನೊಗ್ರಾಂ ಎಂದರೆ ಗ್ರಾಮಿನ 100 ಕೋಟಿಯಲ್ಲಿ ಒಂದು ಪಾಲು.

ಅಷ್ಟು ಸೂಕ್ಷ್ಮವಾದುದನ್ನು ಹಿಡಿಯುವ ಬಗೆ ಹೀಗಿದೆ. ಟ್ರೊಪೋನಿನ್ನಿಗೆ ಅಂಟಿಕೊಳ್ಳುವ ಎರಡು ಪ್ರತಿಕಾಯಗಳನ್ನು ರಕ್ತದ ಮಾದರಿಗೆ ಬೆರೆಸುತ್ತಾರೆ. ಒಂದನ್ನು ಅತಿಸಣ್ಣ ಕಾಂತೀಯ ಮಣಿಗೆ ಬಂಧಿಸಲಾಗುತ್ತದೆ. ಇನ್ನೊಂದಕ್ಕೆ ರುಥೇನಿಯಂ ಲೋಹದ ಸಂಯುಕ್ತವನ್ನು ಜೋಡಿಸಿರುತ್ತಾರೆ. ಟ್ರೊಪೋನಿನ್ ಇದ್ದರೆ ಮಾತ್ರ ಇವೆರಡೂ ಅದರ ಎರಡು ಬದಿಗಳಲ್ಲಿ ಸೇರುತ್ತವೆ. ಅಯಸ್ಕಾಂತವು ಮಣಿಗಳನ್ನು ವಿದ್ಯುದ್ವಾರದ ಮೇಲೆ ಎಳೆದು ಹಿಡಿಯುತ್ತದೆ, ಉಳಿದುದನ್ನು ತೊಳೆದು ಹಾಕಲಾಗುತ್ತದೆ. ಬಳಿಕ ಟ್ರೈಪ್ರೊಪೈಲಮೀನ್ ಇರುವ ದ್ರವದಲ್ಲಿ ವಿದ್ಯುತ್ ಹರಿಸಿದಾಗ ರುಥೇನಿಯಂ ಉದ್ರೇಕಗೊಂಡು ಸುಮಾರು 620 ನ್ಯಾನೊಮೀಟರ್ ತರಂಗದ ಕೆಂಗಿತ್ತಳೆ ಬೆಳಕನ್ನು ಹೊರಸೂಸುತ್ತದೆ. ಬೆಳಕು ಹೆಚ್ಚಿದಷ್ಟೂ ಟ್ರೊಪೋನಿನ್ ಹೆಚ್ಚು. ಮೂಲಸ್ಥಿತಿಗೆ ಮರಳಿದ ರುಥೇನಿಯಂ ಮತ್ತೆ ಮತ್ತೆ ಬೆಳಗಬಲ್ಲದು. ಹೊರಗಿನ ದೀಪದ ಅಗತ್ಯವಿಲ್ಲದ ಕಾರಣ ಹಿನ್ನೆಲೆಯ ಬೆಳಕಿನ ಅಡ್ಡಿ ತೀರ ಕಡಿಮೆ. ಈ ವಿಧಾನದ ನಿಜವಾದ ಬಲವಿರುವುದು ಇಲ್ಲಿಯೇ.

ಈ ವಿದ್ಯಮಾನದ ಮೊದಲ ಸಂಶೋಧನೆಗಳು 1960ರ ದಶಕದಲ್ಲಿ ಅಮೆರಿಕದ ಅಲೆನ್ ಬಾರ್ಡ್ ಮೊದಲಾದವರಿಂದ ನಡೆದವು. ಅದನ್ನು ರಕ್ತಪರೀಕ್ಷೆಗೆ ಒಗ್ಗಿಸಿದ್ದು ಮೇರಿಲ್ಯಾಂಡ್ ರಾಜ್ಯದ ಐಜೆನ್ ಎಂಬ ಚಿಕ್ಕ ಕಂಪನಿ. ಅದು 1992ರಲ್ಲಿ ಜರ್ಮನಿಯ ಬೋರಿಂಗರ್ ಮ್ಯಾನ್‌ಹೈಮ್‌ಗೆ ಲೈಸೆನ್ಸ್ ನೀಡಿತು. ಆ ಕಂಪನಿಯನ್ನು ಮುಂದೆ ಸ್ವಿಟ್ಜರ್ಲೆಂಡಿನ ರೋಶ್ ಕೊಂಡಿತು. ರಾಯಧನದ ಲೆಕ್ಕ ಹಾಗೂ ಲೈಸೆನ್ಸಿನ ವ್ಯಾಪ್ತಿಯ ಕುರಿತು ವ್ಯಾಜ್ಯ ಹುಟ್ಟಿ, 2002ರಲ್ಲಿ ಜ್ಯೂರಿ ಐಜೆನ್ನಿಗೆ ಸುಮಾರು 50.5 ಕೋಟಿ ಡಾಲರ್ ಪರಿಹಾರ ಘೋಷಿಸಿತು. 2003ರಲ್ಲಿ ಮೇಲ್ಮನವಿ ನ್ಯಾಯಾಲಯವು ಆ ಮೊತ್ತದ ಬಹುಪಾಲನ್ನು ಕಡಿದುಹಾಕಿತಾದರೂ ಲೈಸೆನ್ಸನ್ನು ರದ್ದುಗೊಳಿಸುವ ಐಜೆನ್ನಿನ ಹಕ್ಕನ್ನು ಎತ್ತಿಹಿಡಿಯಿತು. ಸಾವಿರಾರು ಯಂತ್ರಗಳನ್ನು ಮಾರಿ ಕುಳಿತಿದ್ದ ರೋಶ್‌ಗೆ ಬೇರೆ ದಾರಿ ಇರಲಿಲ್ಲ. ಸುಮಾರು 140 ಕೋಟಿ ಡಾಲರ್ ತೆತ್ತು ಐಜೆನ್ನನ್ನೇ ಕೊಂಡಿತು. ಉಳಿದ ಹಕ್ಕುಗಳಿಗಾಗಿ 2007ರಲ್ಲಿ ಬಯೋವೆರಿಸ್ ಕಂಪನಿಗೆ ಇನ್ನೂ ಸುಮಾರು 60 ಕೋಟಿ ಡಾಲರ್ ಸಲ್ಲಿಸಿತು. ಪರಾಧೀನ ಪೇಟೆಂಟಿನ ಮೇಲೆ ಕಟ್ಟಿದ ವ್ಯಾಪಾರದ ಬೆಲೆ ಇದು.

ಇಷ್ಟು ಹಣ ಸುರಿಯುವುದು ಏತಕ್ಕೆ? ಯಂತ್ರಕ್ಕೆ ಆಯಾ ಕಂಪನಿಯ ರೀಏಜೆಂಟ್ ಮಾತ್ರ ಹೊಂದುತ್ತದೆ. ಆದ್ದರಿಂದ ಎಷ್ಟೋ ಕಡೆ ಯಂತ್ರವನ್ನು ಮಾರದೆ, ಇಂತಿಷ್ಟು ರೀಏಜೆಂಟ್ ಕೊಳ್ಳಬೇಕೆಂಬ ಕರಾರಿನ ಮೇಲೆ ಪ್ರಯೋಗಾಲಯದಲ್ಲಿ ಇರಿಸುತ್ತಾರೆ. ವಿತರಕರ ಬಂಡವಾಳ ಸಿಕ್ಕಿಕೊಳ್ಳುವುದೂ ಆ ಪೆಟ್ಟಿಗೆಗಳಲ್ಲಿಯೇ. ಅವನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಾಡಬೇಕು, ಅವಧಿ ಮುಗಿಯುವ ಮುನ್ನ ಮಾರಬೇಕು. ಬೇಸಿಗೆಯಲ್ಲಿ ವಿದ್ಯುತ್ ಕೈಕೊಟ್ಟರೆ ನಷ್ಟ ವಿತರಕರದೇ.

ಗ್ರಾಹಕರಿಗೆ ತಿಳಿಸಬೇಕಾದ ಸಂಗತಿಯೊಂದಿದೆ. ಇಂತಹ ಹಲವು ಪರೀಕ್ಷೆಗಳಲ್ಲಿ ಪ್ರತಿಕಾಯವನ್ನು ಮಣಿಗೆ ಕಟ್ಟುವುದು ಬಯೋಟಿನ್ ಎಂಬ ವಿಟಮಿನ್ನಿನ ಮೂಲಕ. ಕೂದಲಿನ ಪೋಷಣೆಗೆಂದು ಅದನ್ನು ಹೆಚ್ಚಾಗಿ ಸೇವಿಸುವವರಲ್ಲಿ ಟ್ರೊಪೋನಿನ್ ಅಂಕಿ ಇರುವುದಕ್ಕಿಂತ ಕಡಿಮೆ ಬರಬಹುದು. ಹಾಗೆ ಆದ ಒಬ್ಬ ರೋಗಿಯ ಸಾವಿನ ವರದಿಯನ್ನು ಉಲ್ಲೇಖಿಸಿ ಅಮೆರಿಕದ ಎಫ್‌ಡಿಎ 2017ರಲ್ಲಿ ಎಚ್ಚರಿಕೆ ಪ್ರಕಟಿಸಿತು. ಬಳಿಕ ತಯಾರಕರು ಹಲವು ಪರೀಕ್ಷೆಗಳನ್ನು ಮಾರ್ಪಡಿಸಿದ್ದಾರೆ. ಹಳೆಯ ದಾಸ್ತಾನು ಯಾವುದು, ಹೊಸದು ಯಾವುದು ಎಂಬುದು ಮಾರುವವರಿಗೆ ಗೊತ್ತಿರಬೇಕು.

ಸಣ್ಣ ತಯಾರಕರಿಗೆ ಪೂರ್ಣ ಯಂತ್ರ ದೂರದ ಮಾತು. ಒಮ್ಮೆ ಬಳಸಿ ಬಿಸಾಡುವ ವಿದ್ಯುದ್ವಾರಗಳು ಹಾಗಲ್ಲ. ಗ್ಲುಕೋಮೀಟರ್ ಪಟ್ಟಿಗಳಂತೆಯೇ ಇವನ್ನೂ ಇಂಗಾಲದ ಶಾಯಿಯಿಂದ ಸ್ಕ್ರೀನ್ ಪ್ರಿಂಟಿಂಗ್ ಮಾಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ಪಾಥ್‌ಶೋಧ್ ಕಂಪನಿಯ ಕೈಯಲ್ಲಿ ಹಿಡಿಯುವ ಉಪಕರಣವು ಬೆಳಕಿಗೆ ಬದಲಾಗಿ ವಿದ್ಯುತ್ ಪ್ರವಾಹವನ್ನು ಅಳೆಯುತ್ತದೆಯಾದರೂ, ಪಟ್ಟಿಯ ತಂತ್ರ ಇದೇ ಕುಲದ್ದು. ಆದರೆ ಆಮಂತ್ರಣ ಪತ್ರಿಕೆ ಅಚ್ಚುಮಾಡುವ ಮನೋಭಾವ ಇಲ್ಲಿ ನಡೆಯದು. ವಿದ್ಯುದ್ವಾರದ ವಿಸ್ತೀರ್ಣದಲ್ಲಿ ವ್ಯತ್ಯಾಸವಾದರೆ ರೋಗಿಯ ಅಂಕಿಯೇ ಬದಲಾಗುತ್ತದೆ. ಹತ್ತು ಸಾವಿರದ ಪಟ್ಟಿಯೂ ಮೊದಲನೆಯದರಂತೆಯೇ ಇರಬೇಕು.

ಕಾನೂನಿನ ವಿಷಯವಾಗಿ ಹೇಳುವುದಾದರೆ, ರೋಗಪತ್ತೆ ಸಾಧನಗಳು 2017ರ ವೈದ್ಯಕೀಯ ಸಾಧನ ನಿಯಮಗಳಿಗೆ ಒಳಪಡುತ್ತವೆ. ಎ ಮತ್ತು ಬಿ ವರ್ಗಗಳ ತಯಾರಿಕಾ ಲೈಸೆನ್ಸನ್ನು ರಾಜ್ಯ ಪ್ರಾಧಿಕಾರವೂ ಸಿ ಮತ್ತು ಡಿ ವರ್ಗಗಳದನ್ನು ಕೇಂದ್ರ ಪ್ರಾಧಿಕಾರವೂ ನೀಡುತ್ತವೆ. ಔಷಧ ಮಾರಾಟದ ಲೈಸೆನ್ಸ್ ಇಲ್ಲದ ವ್ಯಾಪಾರಿಗಳಿಗಾಗಿ 2022ರಲ್ಲಿ ಎಂಡಿ-42 ನಮೂನೆಯ ನೋಂದಣಿ ಜಾರಿಗೆ ಬಂದಿದೆ. ಬಿಡಿಭಾಗವನ್ನಷ್ಟೇ ಪೂರೈಸುವವರಿಂದಲೂ ಖರೀದಿದಾರರು ಸಾಮಾನ್ಯವಾಗಿ ಐಎಸ್‌ಒ 13485 ಪ್ರಮಾಣಪತ್ರವನ್ನು ಅಪೇಕ್ಷಿಸುತ್ತಾರೆ. ಹೊಸ ಮುದ್ರಣಯಂತ್ರಕ್ಕೆ ಸಾಲ ಕೇಳುವ ಮೊದಲೇ ಅದರ ಖರ್ಚನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದು.